ಉಣ್ಣೆಯ ಕುಚ್ಚು, ಪಡಸಾಲೆಯ ಕಂಬ

ಧೂಳು ತೆಗೆಯುವುದಕ್ಕೆ ಯಾವ ಸಾಧನ ತಕ್ಕುದೆಂಬುದನ್ನು ನಾನು ಕಲಿತದ್ದು ಗುರುಗಳಿಂದಲ್ಲ, ಹೆಂಡತಿಯಿಂದ. ಅದೂ ಆಕೆ ಲಿಂಗೈಕ್ಯಳಾದ ಮೇಲೆ.

ಆಕೆ ಜಗಳೂರಿನ ಕಡೆಯವಳು. ಕುರಿಗಳ ಸೀಮೆ. ಮದುವೆಯಾಗಿ ಚನ್ನಗಿರಿಗೆ ಬರುವಾಗ ಸೀರೆಗಳ ನಡುವೆ ಒಂದು ಉಣ್ಣೆಯ ಕುಚ್ಚನ್ನು ತಂದಿದ್ದಳು. ಕುರಿಮರಿಯ ಮೊದಲ ಉಣ್ಣೆಯನ್ನು ಹಿಂಜಿ ಮೊಳದುದ್ದದ ಬಿದಿರಿಗೆ ಬಿಗಿದು ಕಟ್ಟಿದ್ದು. ತೊಲೆಯ ಜೇಡರ ಬಲೆಗೆ ಉದ್ದ ಗಳಕ್ಕೆ ಕಟ್ಟಿದ ಕಸಬರಿಗೆ. ಕಿಟಕಿಯ ಸರಳುಗಳಿಗೆ ನನ್ನ ಹಳೆಯ ಪಂಚೆಯ ತುಂಡು, ನೀರಿನಲ್ಲಿ ಅದ್ದಿ ಹಿಂಡಿದ್ದು. ದೇವರ ಗೂಡಿಗೂ ನನ್ನ ಗ್ರಂಥಗಳಿಗೂ ಆ ಕುಚ್ಚು ಮಾತ್ರ. ಉಣ್ಣೆಗೆ ಮೈಲಿಗೆಯಿಲ್ಲವೆಂಬುದು ನಮ್ಮ ಹಿರಿಯರ ನಡೆ. ಆಕೆಯ ಕಾರಣ ಬೇರೆ. "ಬಟ್ಟೆ ಧೂಳನ್ನ ತಳ್ಳತೈತೆ ರೀ, ಉಣ್ಣೆ ಹಿಡಕಂತೈತೆ."

ಒರೆಸಿ ಮುಗಿದೊಡನೆ ಪಡಸಾಲೆಯ ಮರದ ಕಂಬಕ್ಕೆ ಆ ಬಿದಿರನ್ನು ಮೂರು ಸಲ ತಟ್ಟಿ ಧೂಳನ್ನು ಅಂಗಳಕ್ಕೆ ಉದುರಿಸುತ್ತಿದ್ದಳು. ಎರಡು ಪೆಟ್ಟು ಒಟ್ಟಿಗೆ; ಆಮೇಲೆ ಕುಚ್ಚನ್ನು ತಿರುಗಿಸಿ ನೋಡಿ, ತುಸು ತಡೆದು, ಮೂರನೆಯದು. ನನ್ನ ಶಿವಪೂಜೆಯ ಹೊತ್ತೂ ಅದೇ. ಒಂದು ದಿನ ಆ ಮೂರನೆಯ ಪೆಟ್ಟಿಗೆ ಜಪದ ಎಣಿಕೆ ತಪ್ಪಿತು. "ದೇವರ ಮುಂದೆ ಕುಳಿತವನಿಗೆ ಈ ಕುಟ್ಟುವ ಸದ್ದು ಬೇಕೆ?" ಎಂದೆ. ಮರುದಿನದಿಂದ ಆಕೆ ಕುಚ್ಚನ್ನು ಹಿತ್ತಲಿನ ಒಗೆಯುವ ಕಲ್ಲಿಗೆ ಬಡಿಯತೊಡಗಿದಳು. ಸೊಸೆ ಹೊನ್ನಾಳಿಯಿಂದ ಈ ಮನೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು. ಕಂಬ ಸುಮ್ಮನಾಯಿತು, ನನ್ನ ಎಣಿಕೆ ಸರಿಹೋಯಿತು.

ಹೆಂಡತಿ ಹೋದ ತಿಂಗಳೊಪ್ಪತ್ತಿಗೆ ಕಂಬ ಮತ್ತೆ ನುಡಿಯಿತು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟಿದ್ದೆ. ಟಕ್, ಟಕ್. ಮೂರನೆಯದಕ್ಕೆ ಕಾದೆ. ಬರಲಿಲ್ಲ. ಪೂಜೆ ಮುಗಿಸಿ ಎದ್ದು ನೋಡಿದರೆ ಪಡಸಾಲೆಯಲ್ಲಿ ಯಾರೂ ಇಲ್ಲ. ಕುಚ್ಚು ತನ್ನ ಮೊಳೆಯಲ್ಲಿಯೇ ಇತ್ತು. ದಿನವೂ ಅಲ್ಲ, ವಾರಕ್ಕೊಮ್ಮೆಯೋ ಎರಡು ಸಲವೋ, ಆ ಎರಡೇ ಪೆಟ್ಟು. ಮುಪ್ಪಿನ ಕಿವಿಯೆಂದು ಸಮಾಧಾನ ಹೇಳಿಕೊಂಡೆ. ಆದರೂ, ಬದುಕಿದ್ದಾಗ ಕೇಳದೆ ಉಳಿದ ಕ್ಷಮೆಯನ್ನು ಕೇಳುವುದಕ್ಕೆ ನನಗಿರುವ ದಾರಿ ಆ ಸದ್ದೊಂದೇ ಎಂದು ಮನಸ್ಸು ಹಿಡಿದು ಕುಳಿತಿತು.

ವರ್ಷದ ಪುಣ್ಯಸ್ಮರಣೆ ಹತ್ತಿರವಾದಾಗ ಸೊಸೆ ಮನೆ ಶುಚಿಮಾಡಲು ನಿಂತಳು. ಕುಚ್ಚನ್ನು ಮೊಳೆಯಿಂದ ತೆಗೆದು ನನ್ನ ಮುಂದೆ ಹಿಡಿದಳು. ನುಸಿ ತಿಂದು ಉಣ್ಣೆಯೆಲ್ಲ ಉದುರುತ್ತಿತ್ತು.

"ಮಾವಾರೇ, ಇದರಾಗೆ ಏನೈತೆ ಒರೆಸಾಕೆ? ಕಡ್ಡಿ ಉಳದೈತೆ ಅಷ್ಟೆ. ಹೊಸಾದು ತರಾಣ ಬರ್ರಿ."

ಕುಚ್ಚು ಹೋದರೆ ಸದ್ದೂ ಹೋದೀತೆಂಬ ಅಂಜಿಕೆ ನನಗೆ. ಅದನ್ನು ಹೇಳಲಾರದೆ ಜೊತೆಗೆ ಹೊರಟೆ.

ಪೇಟೆಯ ಅಂಗಡಿಯವನು ಬಣ್ಣಬಣ್ಣದ ಕುಚ್ಚುಗಳನ್ನು ಹರಡಿದ. ಒಂದೊಂದನ್ನೂ ಬಾಗಿಲ ಬಳಿಯ ಬಿಸಿಲಿಗೆ ಒಯ್ದು ಅವನ ಗಾಜಿನ ಪೆಟ್ಟಿಗೆಯ ಮೇಲೆ ಎಳೆದು ನೋಡಿದೆ. ನೈಲಾನಿನದು ಧೂಳನ್ನು ಎಬ್ಬಿಸಿತು. ಎದ್ದ ಕಣಗಳು ಮತ್ತೆ ಅಲ್ಲಿಯೇ ಕುಳಿತವು. ಮೈಕ್ರೋಫೈಬರ್ ಬಟ್ಟೆ ಧೂಳನ್ನೇನೋ ಹಿಡಿಯಿತು, ಆದರೆ ಪರೀಕ್ಷೆಗೆಂದು ಚೀಲದಲ್ಲಿ ತಂದಿದ್ದ ಹಳೆಯ ಪಂಚಾಂಗದ ಅಂಚಿಗೆ ಸಿಕ್ಕಿಕೊಂಡು ಹಾಳೆಯನ್ನು ಸೀಳಿತು.

"ಅಜ್ಜಾರೆ, ನನ್ನ ಅಂಗಡಿ ಪೂರಾ ಒರೆಸಿಕೊಟ್ರಿ, ಬಾಳ ಉಪಕಾರ ಆತು," ಎಂದ ಅಂಗಡಿಯವನು.

ಸೊಸೆ ನಕ್ಕಳು. "ಅವರಿಗೆ ಉಣ್ಣೇದೇ ಆಗ್ಬೇಕ್ರಿ."

"ಹಂಗಾದ್ರೆ ನಾನು ಕುರೀನೇ ಕಟ್ಕಂಡು ಕುಂದ್ರಬೇಕಾಕ್ಕತಿ ಬಿಡಮ್ಮ!"

ಜಗಳೂರಿನ ಭಾವಮೈದುನನಿಗೆ ಅಂದೇ ಫೋನ್ ಮಾಡಿದೆ. ಮೂರನೆಯ ದಿನ ಬಸ್ಸಿನಲ್ಲಿ ಮರಿಯುಣ್ಣೆಯ ಗಂಟು ಬಂತು. ಅದೇ ಬಿದಿರಿಗೆ ಕಟ್ಟಲು ಸೊಸೆಯೂ ನಾನೂ ಕಂಬದ ಬುಡದಲ್ಲಿ ಕುಳಿತೆವು. ಉಣ್ಣೆಯನ್ನು ಹಿಂಜುತ್ತ ಆಕೆ ತಗ್ಗಿದ ದನಿಯಲ್ಲಿ ಕೇಳಿದಳು:

"ಅತ್ತೆ ಯಾವಾಗ್ಲೂ ಹಿತ್ತಲ ಕಲ್ಲಿಗೇ ಬಡೀತಿದ್ರು. ಬೆಳಿಗ್ಗೆ ಈ ಕಂಬಕ್ಕೆ ಬಡಿಯಾದು ನೀವೇನ್ರಿ ಮಾವಾರೇ?"

ನನ್ನ ಕೈ ದಾರದ ಮೇಲೆ ನಿಂತಿತು. "ಎಷ್ಟು ಪೆಟ್ಟು?"

"ಎರಡು."

ಆಗ ಎಲ್ಲವನ್ನೂ ಹೇಳಿದೆ. ಆಕೆ ದಾರದ ಗಂಟನ್ನು ಬಿಗಿದಳು.

ಪುಣ್ಯಸ್ಮರಣೆಯ ಬೆಳಿಗ್ಗೆ, ಪೂಜೆಗೆ ಕೂರುವ ಮೊದಲು, ದೇವರ ಗೂಡನ್ನೂ ಗ್ರಂಥಗಳನ್ನೂ ನಾನೇ ಒರೆಸಿದೆ. ಕಂಬದ ಮುಂದೆ ನಿಂತು, "ತಪ್ಪಾಯಿತು" ಎಂದು ಬಾಯಿಬಿಟ್ಟು ಹೇಳಿದೆ. ಎರಡು ಸಲ ತಟ್ಟಿದೆ. ಕುಚ್ಚನ್ನು ತಿರುಗಿಸಿ ನೋಡಿದೆ. ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ಆ ಮೌನವನ್ನು ತಾಳಲಾರದೆ ಮೂರನೆಯದನ್ನೂ ನಾನೇ ತಟ್ಟಿಬಿಟ್ಟೆ.

ಅಂದಿನಿಂದ ಕಂಬ ತಾನಾಗಿ ನುಡಿದಿಲ್ಲ. ಅತ್ತೆಗೆ ಸಮಾಧಾನವಾಗಿರಬೇಕೆಂದು ಸೊಸೆ ಹೇಳುತ್ತಾಳೆ. ಇರಬಹುದು. ಈಗ ದಿನವೂ ಒರೆಸುವವನು ನಾನೇ. ಎರಡು ಸಲ ತಟ್ಟುತ್ತೇನೆ; ಆಮೇಲೆ ಕುಚ್ಚನ್ನು ಹಿಡಿದು, ಪೂಜೆಗೆ ಹೊತ್ತಾದರೂ, ಮೂರನೆಯದಕ್ಕೆ ಕಾಯುತ್ತ ಅಲ್ಲಿಯೇ ನಿಂತಿರುತ್ತೇನೆ.