ಉಗುರುಳ್ಳ ಹಿಮಸಾರಂಗ

ನಮ್ಮಪ್ಪ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರಾಗಿದ್ದವರು. ಅಂಗಡಿಯವರು ತಕ್ಕಡಿ ತಟ್ಟೆಯ ಅಡಿಗೆ ಅಂಟಿಸಿದ ಹುಣಸೆಹಣ್ಣನ್ನು ಬಾಗಿಲಲ್ಲಿ ನಿಂತೇ ಕಂಡುಹಿಡಿಯುತ್ತಿದ್ದರು. ಯಾವ ಅಂಗಡಿಯಲ್ಲೂ ಒಂದು ಲೋಟ ಪುಕ್ಕಟೆ ಕಾಫಿ ಕುಡಿದವರಲ್ಲ. ಅಂಥ ಮನುಷ್ಯ ದಿನಾ ಬೆಳಗ್ಗೆ ಐದಕ್ಕೆ ಎದ್ದು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದು, ನಮ್ಮ ಬಡಾವಣೆಯ ಅಷ್ಟೂ ಕಾಂಪೌಂಡುಗಳ ಮೇಲಿಂದ ದಾಸವಾಳ, ಕಣಗಿಲೆ, ನಂದಬಟ್ಟಲು ಎಳೆದೆಳೆದು ಕೀಳುತ್ತಿದ್ದರು. ಯಾರಾದರೂ ಕಿಟಕಿಯಿಂದ ಬೈದರೆ ಅವರಿಗೆ ನಿಜಕ್ಕೂ ಆಶ್ಚರ್ಯ. "ದೇವರಿಗೆ ಕಣ್ರೀ," ಎಂದು ಹೇಳಿ ಮುಂದಿನ ಗೇಟಿಗೆ ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಇಂಥವರು ರಸ್ತೆಗೆ ಮೂವರಿರುತ್ತಾರೆ, ಮೂವರೂ ನಿವೃತ್ತ ಸರ್ಕಾರಿ ನೌಕರರೇ.

ಇನ್ನು ನನ್ನ ಕೆಲಸ ಹೂ ಎಣಿಸುವುದು. ನಗಬೇಡಿ. ಎರಡು ಸಾವಿರದ ದಶಕದ ಮಧ್ಯದಲ್ಲಿ ನಾನು ಸ್ವೀಡನ್ನಿನ ಉಪ್ಸಾಲಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನಾರ್ವೆ ಗಡಿಯ ಹತ್ತಿರ, ಮರಗಳೆಲ್ಲ ಮುಗಿದ ಮೇಲಿನ ಎತ್ತರದಲ್ಲಿ, ಒಂದು ಸಂರಕ್ಷಿತ ಹುಲ್ಲುಗಾವಲು. ಅದರಲ್ಲಿ ಗೇಣುದ್ದದ ಒಂದು ಆರ್ಕಿಡ್. ಕಡುಗೆಂಪು ಬಣ್ಣ, ಹತ್ತಿರ ಹೋದರೆ ಐಸ್‌ಕ್ರೀಮಿನ ವೆನಿಲಾ ವಾಸನೆ. ಅದು ಯಾಕೆ ಕಡಿಮೆಯಾಗುತ್ತಿದೆ ಎಂದು ತಿಳಿಯಲು ನಾನು ಮೂರು ಬೇಸಿಗೆ ಅಲ್ಲಿ ಬೋರಲು ಮಲಗಿ, ಸೊಳ್ಳೆಗಳಿಗೆ ಊಟವಾಗಿ, ಗಿಡ ಗಿಡಕ್ಕೂ ನಂಬರಿನ ಹಳದಿ ಚೀಟಿ ಚುಚ್ಚಿ, ಯಾವುದು ಹೂ ಬಿಟ್ಟಿತು, ಯಾವುದು ಬೀಜ ಕಟ್ಟಿತು ಎಂದು ಬರೆದುಕೊಂಡಿದ್ದೆ. ನಾಲ್ಕನೆಯದು ಕೊನೆಯ ಬೇಸಿಗೆ. ಆ ವರ್ಷದ ಲೆಕ್ಕ ಸಿಕ್ಕರೆ ಚಳಿಗಾಲದೊಳಗೆ ಪ್ರಬಂಧ ಮುಗಿದು ನಾನು ಡಾಕ್ಟರು. ಸಿಗದಿದ್ದರೆ ಇನ್ನೊಂದು ವರ್ಷ ಕಾಯಬೇಕು, ಅಷ್ಟರೊಳಗೆ ನನ್ನ ನೇಮಕಾತಿಯೇ ಮುಗಿದುಹೋಗುತ್ತಿತ್ತು. ಉಪ್ಸಾಲಾದ ಕನ್ನಡದವರು ಯುಗಾದಿ ಊಟದಲ್ಲಿ ಸಿಕ್ಕಾಗ, "ಹೂ ಎಣಿಸೋಕೂ ಪಿಎಚ್‌ಡಿ ಕೊಡ್ತಾರಾ? ನಮ್ಗೆ ಹೇಳಿದ್ರೆ ಒಂದು ಪ್ರೋಗ್ರಾಮ್ ಬರೆದು ಕೊಡ್ತಿದ್ವಲ್ಲ," ಎನ್ನುತ್ತಿದ್ದರು. ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ಬಾಯಿ ಮುಚ್ಚಿಸುತ್ತಿದ್ದೆ.

ಹುಲ್ಲುಗಾವಲಿನ ಬಾಯಲ್ಲಿ ಜಿಲ್ಲಾಡಳಿತದ ಒಂದು ಬೋರ್ಡು. ಹೂ ಕೀಳಬಾರದು, ಬೆಂಕಿ ಹಾಕಬಾರದು, ಡೇರೆ ಹೂಡಬಾರದು, ಕಲ್ಲು ಸರಿಸಬಾರದು, ನಾಯಿ ಬಿಡಬಾರದು. ಉಸಿರಾಡಬಹುದೆಂದು ಎಲ್ಲೂ ಬರೆದಿರಲಿಲ್ಲ, ಆದರೂ ಧೈರ್ಯ ಮಾಡಿ ಆಡುತ್ತಿದ್ದೆವು. ಎಲ್ಲವೂ ಸ್ವೀಡಿಶ್ ಭಾಷೆಯಲ್ಲಿ, ಒಂದು ಚಿತ್ರವೂ ಇಲ್ಲ.

ಆ ಬೇಸಿಗೆಯೇ ಅಪ್ಪ ಮೂರು ತಿಂಗಳ ವೀಸಾದಲ್ಲಿ ಬಂದರು. ಉಪ್ಸಾಲಾದಲ್ಲಿ ಒಬ್ಬರನ್ನೇ ಬಿಟ್ಟರೆ ಯಾರ ತೋಟಕ್ಕೆ ನುಗ್ಗುತ್ತಾರೋ ಎಂಬ ಭಯಕ್ಕೆ ಜೊತೆಗೇ ಬೆಟ್ಟಕ್ಕೆ ಕರೆದುಕೊಂಡು ಹೊರಟೆ. ರೈಲಿನಲ್ಲಿ ಸುಮ್ಮನೆ ಕೂರಬಹುದಿತ್ತು. ನನಗೆ ದೇಶದ ಬಡಾಯಿ ಕೊಚ್ಚುವ ಹುಮ್ಮಸ್ಸು. "ಇಲ್ಲಿ ಯಾರ ಕಾಡಿಗೆ ಬೇಕಾದ್ರೂ ಹೋಗಬಹುದು ಅಪ್ಪ. ಹಣ್ಣು, ಹೂವು, ಅಣಬೆ, ಏನ್ ಬೇಕಾದ್ರೂ ಕಿತ್ಕೊಬಹುದು. ಯಾರೂ ಕೇಳಲ್ಲ. ಅದು ಎಲ್ಲರ ಹಕ್ಕು," ಎಂದೆ. ಅಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇದಪ್ಪಾ ದೇಶ ಅಂದ್ರೆ!" ಎಂದರು. ಸಂರಕ್ಷಿತ ಪ್ರದೇಶಗಳಿಗೆ ಅದು ಅನ್ವಯಿಸುವುದಿಲ್ಲ ಎಂಬ ಬಾಲ ಸೇರಿಸುವಷ್ಟರಲ್ಲಿ ಟಿಕೆಟ್ ನೋಡುವವರು ಬಂದರು, ಮಾತು ಎಲ್ಲಿಗೋ ಹೋಯಿತು.

ನಮಗೆ ಇದ್ದದ್ದು ಹುಲ್ಲುಗಾವಲಿನ ಅಂಚಿನ ಮರದ ಗುಡಿಸಲು. ಎರಡು ಮಂಚ, ಒಂದು ಒಲೆ, ಒಂದು ಕಿಟಕಿ. ಕ್ಯಾಮೆರಾ ಚೀಲದಲ್ಲಿ ತಂದಿದ್ದ ಹೆಬ್ಬೆರಳುದ್ದದ ಬೆಳ್ಳಿ ಗಣಪತಿಯನ್ನು ಅಪ್ಪ ಕಿಟಕಿಯ ಕಟ್ಟೆಯ ಮೇಲೆ ಸ್ಥಾಪಿಸಿದರು. ಮರುದಿನ ನಾನು ಏಳುವ ಹೊತ್ತಿಗೆ ಅವರ ಸ್ನಾನವಾಗಿತ್ತು, ಪೂಜೆಯೂ ಆಗಿತ್ತು. ಇಡೀ ಗುಡಿಸಲು ಘಮಘಮ ವೆನಿಲಾ. ನಾನು ಹಾಸಿಗೆಯಲ್ಲೇ ಎದ್ದು ಕುಳಿತೆ. ಗಣಪತಿ ಕಾಣಿಸುತ್ತಲೇ ಇರಲಿಲ್ಲ, ಅಷ್ಟು ಹೂ.

"ಎಷ್ಟು ಕಿತ್ರಿ?" ಎಂದೆ.

"ಹತ್ತೊಂಬತ್ತು. ನಮ್ಮ ಮಲೆನಾಡಿನ ಸೀತಾಳೆ ದಂಡೆ ಹೂವಿನ ಥರಾನೇ ಇದೆ ನೋಡು, ಪುಟ್ಟದು. ಹುಡುಕೋ ಕಷ್ಟಾನೇ ಇರ್ಲಿಲ್ಲ. ಒಳ್ಳೊಳ್ಳೆ ಹೂವಿಗೆಲ್ಲ ನೀನೇ ಹಳದಿ ಚೀಟಿ ಇಟ್ಟಿದ್ದೀಯಲ್ಲಮ್ಮಾ."

ಅಯ್ಯೋ ನನ್ನ ಕರ್ಮವೇ! ಆ ವರ್ಷ ನನ್ನ ಗಿಡಗಳಲ್ಲಿ ಹೂ ಬಿಟ್ಟಿದ್ದವೇ ಹತ್ತೊಂಬತ್ತು. ಒಂದನ್ನೂ ಬಿಟ್ಟಿರಲಿಲ್ಲ. ಮೂವತ್ತು ವರ್ಷ ತಪಾಸಣೆ ಮಾಡಿದ ಕೈ, ಬಿಡುತ್ತದೆಯೇ? ನಾನು ಕಿರುಚಿದೆ, ಅತ್ತುಬಿಟ್ಟೆ, ಇದು ನನ್ನ ಪಿಎಚ್‌ಡಿ, ದೇವರ ಹೂವಲ್ಲ ಎಂದೆ. ಅಪ್ಪ ಪಂಚೆಯ ತುದಿಯಲ್ಲಿ ಕೈ ಒರೆಸಿಕೊಳ್ಳುತ್ತಾ, "ನೀನೇ ಕೀಳಬಹುದು ಅಂದ್ಯಲ್ಲ," ಎಂದರು. ಆಮೇಲೆ ಹೊರಗೆ ಹೋಗಿ ಕಲ್ಲಿನ ಮೇಲೆ ಕುಳಿತರು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು.

ನಾನು ಲೆಕ್ಕದ ಹಾಳೆ ತೆಗೆದುಕೊಂಡು ಹುಲ್ಲುಗಾವಲಿನಲ್ಲಿ ಕುಳಿತೆ. ಹಾಳೆಯಲ್ಲಿ ಒಂದು ಕಾಲಂ ಇತ್ತು, ಹೂ ಹಾಳಾಗಿದ್ದರೆ ಕಾರಣ ಬರೆಯಲು. ಗೊಂಡೆಹುಳು, ಹಿಮ, ಆ ಬೆಟ್ಟದವರು ಸಾಕುವ ಹಿಮಸಾರಂಗ ಅಂದರೆ ರೇನ್‌ಡೀರ್, ಹೀಗೆ ಒಂದೊಂದು ವರ್ಷ ಒಂದೊಂದು. ಹಿಮಸಾರಂಗ ತಿಂದರೆ ಅದೂ ಪ್ರಕೃತಿಯೇ, ಲೆಕ್ಕ ಲೆಕ್ಕವೇ, ಅಧ್ಯಾಯ ನಿಲ್ಲುತ್ತದೆ. ಸಂಶೋಧಕಿಯ ಅಪ್ಪ ಬೆಳ್ಳಿ ಗಣಪತಿಗೆ ಏರಿಸಿದರೆ ಆ ವರ್ಷದ ಲೆಕ್ಕವೇ ಕಸದ ಬುಟ್ಟಿಗೆ. ಹತ್ತೊಂಬತ್ತು ಸಾಲಿನಲ್ಲೂ ಹಿಮಸಾರಂಗ ಎಂದು ಬರೆದೆ. ಅಕ್ಷರ ಚೆನ್ನಾಗಿಯೇ ಬಂತು.

ಮೂರನೆಯ ದಿನ ನನ್ನ ಗೈಡ್ ಬಂದರು, ಜೊತೆಗೆ ಜಿಲ್ಲಾಡಳಿತದ ಒಬ್ಬ ಅಧಿಕಾರಿ. ನನ್ನ ಗೈಡ್ ಐವತ್ತೈದು ದಾಟಿದ ಹೆಂಗಸು, ಜನ್ಮದಲ್ಲಿ ದನಿ ಏರಿಸಿದವರಲ್ಲ. ಅವರು ಒಂದು ವಿಷಯವನ್ನು ಇಂಟರೆಸ್ಟಿಂಗ್ ಎಂದರೆ ನೀವು ಮುಗಿದಿರಿ ಎಂದೇ ಅರ್ಥ. ಹಾಳೆ ನೋಡಿ, "ಎಲ್ಲ ಹತ್ತೊಂಬತ್ತನ್ನೂ? ಇಂಟರೆಸ್ಟಿಂಗ್," ಎಂದರು. ಅಧಿಕಾರಿಯ ಕಣ್ಣು ಮಾತ್ರ ಹೊಳೆಯಿತು. ಆತ ಬಹಳ ವರ್ಷದಿಂದ ಹುಲ್ಲುಗಾವಲಿನ ಸುತ್ತ ಬೇಲಿ ಹಾಕಿಸಬೇಕೆಂದು ಕಾದಿದ್ದವನು, ಸಾಕ್ಷಿ ಸಿಕ್ಕಿರಲಿಲ್ಲ. ನಾನು ಒಂದಲ್ಲ, ಹತ್ತೊಂಬತ್ತು ಸಾಕ್ಷಿ ಬರೆದು ಕೈಗಿಟ್ಟಿದ್ದೆ. ಅವನು ಸಿಗ್ನಲ್ ಸಿಗುವ ಬಂಡೆಯ ಮೇಲೆ ಹತ್ತಿ ಹಿಮಸಾರಂಗದ ಯಜಮಾನರಿಗೆ ಫೋನ್ ಮಾಡಿದ.

ಅವರು ಮಧ್ಯಾಹ್ನ ಬಂದರು. ಆ ಬೆಟ್ಟಗಳ ಮೂಲ ಜನರಾದ ಸಾಮಿ ಜನಾಂಗದ ಒಬ್ಬ ಮುದುಕರು. ಅವರ ತಾತನ ಕಾಲದಿಂದ ಅವರ ಹಿಂಡು ಬೇಸಿಗೆ ಮೇವಿಗೆ ಹೋಗುವುದು ಇದೇ ಹುಲ್ಲುಗಾವಲು ದಾಟಿ. ಬೇಲಿ ಬಿದ್ದರೆ ಇಡೀ ಬೆಟ್ಟ ಸುತ್ತಬೇಕು, ಕರುಗಳಿಗೆ ಅದು ಆಗದ ಮಾತು. ಬೇಲಿ ಯಾಕೆ ಬೇಕೆಂದು ಅಧಿಕಾರಿ ಅವರಿಗೆ ತುಂಬ ಸೌಜನ್ಯದಿಂದ ವಿವರಿಸಿದ. ಸ್ವೀಡನ್ನಿನಲ್ಲಿ ಕುತ್ತಿಗೆ ಕೊಯ್ಯುವ ಮುಂಚೆ ಕಾಫಿ ಬೇಕೇ ಎಂದು ಕೇಳುತ್ತಾರೆ.

ಮುದುಕರು ಮಂಡಿಯೂರಿ ಒಂದು ತೊಟ್ಟನ್ನು ನೋಡಿದರು. ಇನ್ನೊಂದನ್ನು ನೋಡಿದರು. ಆಮೇಲೆ ನಿಧಾನವಾಗಿ, ನನಗೂ ಅರ್ಥವಾಗಲೆಂದು ಬಿಡಿಬಿಡಿಸಿ ಹೇಳಿದರು: "ನನ್ನ ಪ್ರಾಣಿಗೆ ಮೇಲಿನ ಮುಂದಿನ ಹಲ್ಲೇ ಇಲ್ಲ. ಜಗ್ಗಿ ಹರಿಯುತ್ತದೆ, ಹುಲ್ಲು ಸಮೇತ. ಇದನ್ನು ಚಿವುಟಿದ್ದಾರೆ. ಈ ಹಿಮಸಾರಂಗಕ್ಕೆ ಉಗುರಿದೆ."

ಅಧಿಕಾರಿ ನಕ್ಕ. ಹಾಳೆಯಲ್ಲಿ ಸಂಶೋಧಕಿಯೇ ಬರೆದಿದ್ದಾಳಲ್ಲ, ಎಂದ. ಮೂವರೂ ನನ್ನ ಕಡೆ ತಿರುಗಿದರು. ನಾನು ಶೂ ಲೇಸು ಕಟ್ಟಿಕೊಂಡೆ. ಅದು ಬಿಚ್ಚಿರಲಿಲ್ಲ. ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಈ ಮುದುಕರ ದಾರಿಗಿಂತ ನನ್ನ ಹೆಸರಿನ ಹಿಂದಿನ ಎರಡಕ್ಷರ ದೊಡ್ಡದಾಗಿ ಕಂಡಿತು, ಥೂ.

ಅಷ್ಟರಲ್ಲಿ ಅಪ್ಪ ಗುಡಿಸಲಿನ ಬಾಗಿಲಲ್ಲಿ ನಿಂತು ಕೈಬೀಸಿದರು. ಮೂರು ದಿನದ ಮೌನದ ಮೇಲೆ ಮೂರು ಜನ ಅತಿಥಿಗಳು ಸಿಕ್ಕ ಸಂಭ್ರಮ. "ಕಮ್ ಕಮ್, ಕಾಫಿ ಈಸ್ ರೆಡಿ," ಎಂದು ಕರೆದರು. ಎಲ್ಲರೂ ಒಳಗೆ ಹೋಗಿ ಮಂಚಗಳ ಮೇಲೆ ಕುಳಿತರು. ನಾನು ಕಾಫಿ ಬಗ್ಗಿಸಿದೆ. ಕಿಟಕಿಗೆ ಬೆನ್ನು ಕೊಟ್ಟು ಅಡ್ಡ ನಿಂತೇ ಬಗ್ಗಿಸಿದೆ.

ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿದರು. ಮನೆಗೆ ಬಂದವರು ಪ್ರಸಾದವಿಲ್ಲದೆ ಹೋಗುವುದೆಂದರೇನು? ಗಣಪತಿಯ ಮೇಲಿನ ಬಾಡಿದ ಹೂಗಳಿಂದ ಒಂದೊಂದನ್ನು ಎತ್ತಿ, ಕಲ್ಲುಸಕ್ಕರೆಯ ಜೊತೆಗೆ, ಮೊದಲು ಹಿರಿಯರಿಗೆಂದು ಸಾಮಿ ಮುದುಕರ ಅಂಗೈಗೆ, ಆಮೇಲೆ ನನ್ನ ಗೈಡ್‌ಗೆ, ಆಮೇಲೆ ಅಧಿಕಾರಿಗೆ ಕೊಟ್ಟರು. "ಗಾಡ್ಸ್ ಫ್ಲವರ್. ಫ್ರಮ್ ಹಿಯರ್ ಓನ್ಲಿ. ಐ ಪ್ಲಕ್ಡ್ ಮೈಸೆಲ್ಫ್. ವೆರಿ ಗುಡ್ ಸ್ಮೆಲ್," ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಬಲಗೈಯಲ್ಲೇ ತೆಗೆದುಕೊಳ್ಳಬೇಕೆಂದು ಅಧಿಕಾರಿಯನ್ನು ತಿದ್ದಿದರು ಕೂಡ.

ಬೇಲಿ ಹಾಕಿಸಲು ಬಂದವನು ಸಂರಕ್ಷಿತ ಹೂವನ್ನು ಅಂಗೈಯಲ್ಲಿ ಹಿಡಿದು, ಅದನ್ನು ಎಲ್ಲಿಡುವುದು ಕಾನೂನುಬದ್ಧ ಎಂದು ಯೋಚಿಸುತ್ತಿದ್ದ. ಮುದುಕರು ಹೂವನ್ನು ಮೂಸಿದರು, ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿ ಕಟುಮ್ಮೆಂದು ಕಡಿದರು. ಅಪ್ಪನ ಹೆಬ್ಬೆರಳ ಉಗುರನ್ನು ಒಮ್ಮೆ ನೋಡಿ, ಇನ್ನೊಂದು ಚೂರು ಸಕ್ಕರೆಗೆ ಕೈ ಚಾಚಿದರು.

ನನ್ನ ಗೈಡ್ ಅಪ್ಪನಿಗೆ ಥ್ಯಾಂಕ್ಯೂ ಎಂದರು. ಹಾಳೆಯನ್ನು ತೊಡೆಯ ಮೇಲೆ ಬಿಡಿಸಿ ಪೆನ್ಸಿಲ್ಲನ್ನು ನನಗೆ ಕೊಟ್ಟರು. ಅಪ್ಪನಿಗೂ ತಿಳಿಯಲೆಂದೋ ಏನೋ, ಇಂಗ್ಲಿಷಿನಲ್ಲೇ ಹೇಳಿದರು: "ಹೂ ಹೋದರೆ ಹೋಗಲಿ, ಗಡ್ಡೆ ಇದೆ, ಮುಂದಿನ ವರ್ಷ ಬರುತ್ತದೆ. ಆದರೆ ಹಿಂದಿನ ಮೂರು ವರ್ಷ ನೀನು ಬರೆದದ್ದನ್ನೂ ನಾನೀಗ ಸಾಲು ಸಾಲಾಗಿ ಪರೀಕ್ಷಿಸಬೇಕು. ತಿದ್ದು."

ಆ ಮೂರು ವರ್ಷಗಳಲ್ಲಿ ನಾನು ಒಂದು ಸುಳ್ಳನ್ನೂ ಬರೆದಿರಲಿಲ್ಲ. ಹಾಗೆಂದು ಈಗ ಯಾವ ಬಾಯಲ್ಲಿ ಹೇಳುವುದು? ಹಿಮಸಾರಂಗವನ್ನು ಹೊಡೆದುಹಾಕಿ, ಪಕ್ಕದಲ್ಲಿ ಮನುಷ್ಯ ಎಂದು ಬರೆದೆ. ವೈಜ್ಞಾನಿಕವಾಗಿ ಸರಿಯಾದ ಪದ. ದಾರಿಹೋಕ ಯಾರೋ ಇರಬಹುದು ಅನ್ನಿಸುವಂಥ ಪದ.

ಅಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ತೂಕದ ಕಲ್ಲಿನ ಮೇಲಿನ ಮುದ್ರೆ ಓದುವಾಗಿನ ಅದೇ ಮುಖ. "ಮುಂಚೆ ಏನಿತ್ತು ಇಲ್ಲಿ?"

"ಹಿಮಸಾರಂಗ."

"ಅದೇ ತಿಂತು ಅಂತ ಬರೆದಿದ್ಯಾ? ಇವರ ಪ್ರಾಣೀನಾ?" ಮುದುಕರ ಕಡೆ ತೋರಿಸಿ ಕೇಳಿದರು.

ತಲೆಯಾಡಿಸಿದೆ. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಈಗ ಮನುಷ್ಯ ಅಂತ ಯಾಕೆ ಬರೆದೆ? ನಿಮ್ಮಪ್ಪ ಅಂತ ಬರೆಯೋಕೆ ನಾಚಿಕೆ ಆಗುತ್ತಾ?"

ಆಗುತ್ತಿತ್ತು. ಪಂಚೆ ಉಟ್ಟು ಬೆಳಗಾಗೆದ್ದು ಊರವರ ಹೂ ಕೀಳುವ ಮನುಷ್ಯ ನನ್ನ ಅಪ್ಪನೆಂದು ಈ ತಣ್ಣನೆಯ ಜನಕ್ಕೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ. ಪಿಎಚ್‌ಡಿಗಾಗಿ ಸುಳ್ಳು ಬರೆದೆ ಎಂದು ಮೂರು ದಿನ ನನ್ನನ್ನೇ ನಂಬಿಸಿಕೊಂಡಿದ್ದೆ. ಮನುಷ್ಯ ಎಂಬ ಪದವನ್ನೂ ಹೊಡೆದುಹಾಕಿದೆ. ಅಪ್ಪ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕುಳಿತರು. ಹತ್ತೊಂಬತ್ತು ಸಾಲಿನಲ್ಲೂ ನನ್ನ ತಂದೆ ಎಂದು ಬರೆಯುವವರೆಗೆ ಒಂದೊಂದನ್ನೂ ಬೆರಳಿಟ್ಟು ಎಣಿಸಿದರು.