ಪಿಳ್ಳಮ್ಮ ಕಾಶಿಯಲ್ಲಿ ಬಿಟ್ಟು ಬಂದದ್ದು

ಚಿಕ್ಕಬಾಣಾವರದ ಪಿಳ್ಳಮ್ಮನಿಗೆ ಕೃಪಾ ಕಾಣಿಸಿಕೊಳ್ಳಲು ಶುರುವಾಗಿ ಎಂಟು ವರ್ಷವಾಗಿತ್ತು. ಸತ್ತ ಹುಡುಗಿ ಬರುತ್ತಿದ್ದುದು ಹಾಡುಹಗಲಲ್ಲಿ. ಫ್ಯಾಕ್ಟರಿಯ ನೀಲಿ ಕೋಟು ತೊಟ್ಟು, ಕೂದಲನ್ನು ಟೋಪಿಯೊಳಗೆ ಸೇರಿಸಿ, ಎಣ್ಣೆಗೈಯನ್ನು ಬಟ್ಟೆಚೂರಿಗೆ ಒರೆಸಿಕೊಳ್ಳುತ್ತ ನಿಂತಿರುತ್ತಿದ್ದಳು. ಒಂದು ದಿನ ಜಾಲಹಳ್ಳಿ ಕ್ರಾಸಿನ ಬಸ್ ಸ್ಟಾಪಿನಲ್ಲಿ, ಇನ್ನೊಂದು ದಿನ ರೈಲ್ವೆ ಪ್ಲಾಟ್‌ಫಾರಂನ ತುದಿಯಲ್ಲಿ, ಮತ್ತೊಂದು ದಿನ ರೇಷನ್ ಅಂಗಡಿಯ ಸಾಲಿನಲ್ಲಿ. ಬಾಯಿ ಬಿಟ್ಟು ಒಂದು ಮಾತಾಡಿದವಳಲ್ಲ. ಮುಖದಲ್ಲಿ ಸಿಟ್ಟೂ ಇರುತ್ತಿರಲಿಲ್ಲ. 'ಅಕ್ಕಾ, ಅರ್ಧ ತಾಸು ಆತು, ನಾ ನನ್ನ ಮೆಷಿನ್ನಿಗೆ ಹೋಗ್ಲೇನು?' ಎಂದು ಅಪ್ಪಣೆ ಕೇಳುವವಳ ಹಾಗೆ ನೋಡುತ್ತಿದ್ದಳು. ಪಿಳ್ಳಮ್ಮ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡು ಮತ್ತೆ ನೋಡುವಷ್ಟರಲ್ಲಿ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಕೃಪಾ ಕೊಪ್ಪಳದ ಕಡೆಯ ಹುಡುಗಿ. ತಾಯಿ ಮಹಾಂತಮ್ಮನ ಜೊತೆ ಬಂದು ಪಿಳ್ಳಮ್ಮನ ಮನೆಯ ಹಿಂದಿನ ಶೀಟಿನ ರೂಮು ಹಿಡಿದಿದ್ದಳು. ಪಿಳ್ಳಮ್ಮನದು ಊರಿನ ಹಳೇ ಒಕ್ಕಲು. ಗಂಡ ಶ್ಯಾಮಣ್ಣ ಎಮ್ಮೆ ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುತ್ತಿದ್ದ, ಅವಳು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗಾಡಿಗಳಿಗೆ ಬೇಕಾದ ವಾಷರು ಒತ್ತುವ ಪ್ರೆಸ್ ನಡೆಸುತ್ತಿದ್ದಳು. ಕೃಪಾಳನ್ನು ಅಲ್ಲಿಗೆ ಸೇರಿಸಿದವಳೂ ಅವಳೇ. ಸೂಪರ್‌ವೈಸರನ ಮುಂದೆ ನಿಂತು "ನಮ್ಮನೆ ಮಗು ಇದ್ದಂಗೆ ಸಾರ್, ಅಚ್ಕಟ್ಟಾಗಿ ಕೆಲ್ಸ ಮಾಡ್ತಾಳೆ" ಎಂದು ಹೇಳಿದ್ದಳು.

ಆ ಏಪ್ರಿಲ್ ತಿಂಗಳಲ್ಲಿ ಸೆಕೆ ತಡೆಯಲಾಗುತ್ತಿರಲಿಲ್ಲ. ಪಿಳ್ಳಮ್ಮನಿಗೆ ಮುಟ್ಟು ನಿಲ್ಲುವ ಕಾಲ, ಇದ್ದಕ್ಕಿದ್ದಂತೆ ಮೈಯೆಲ್ಲ ಕಾದ ಕಾವಲಿಯಾಗುತ್ತಿತ್ತು. ಅವಳ ನಾಲ್ಕನೇ ನಂಬರಿನ ಮೆಷಿನ್ನಿನ ಹತ್ತಿರ ಗಾಳಿಯೇ ಆಡುತ್ತಿರಲಿಲ್ಲ. "ಕೃಪಾ, ಒಂದರ್ಧ ಗಂಟೆ ನನ್ ಜಾಗ್ದಲ್ಲಿ ನಿಂತ್ಕೊಳ್ಳವ್ವ, ಫ್ಯಾನ್ ಕೆಳ್ಗೆ ಕುಂತು ಬರ್ತೀನಿ" ಎಂದಳು. ಹುಡುಗಿ ನಗುತ್ತ ಬಂದು ನಿಂತಳು. ಪಿಳ್ಳಮ್ಮ ಮಜ್ಜಿಗೆ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಗ, ಕ್ರೇನಿನಲ್ಲಿ ತೂಗಿ ಬರುತ್ತಿದ್ದ ತಗಡಿನ ಕಟ್ಟು ಬೆಲ್ಟ್ ಹರಿದು ನಾಲ್ಕನೇ ಮೆಷಿನ್ನಿನ ಮೇಲೆ ಬಿತ್ತು.

ಯಾರ ಸರದಿ ಎಂದು ಯಾರೂ ಕೇಳಲಿಲ್ಲ. ಬಂದ ಅಧಿಕಾರಿಗಳು ಬೆಲ್ಟನ್ನು ನೋಡಿದರು, ಫೋಟೋ ತೆಗೆದರು, ಬರೆದುಕೊಂಡರು, ಹೋದರು. ಪಿಳ್ಳಮ್ಮನೂ ಹೇಳಲಿಲ್ಲ. ಮೊದಲ ದಿನ ಹೇಳುವುದಕ್ಕೆ ನಾಲಿಗೆ ಏಳಲಿಲ್ಲ, ಆಮೇಲೆ ದಿನ ಕಳೆದಷ್ಟೂ ಹೇಳುವುದು ಇನ್ನೂ ಕಷ್ಟವಾಯಿತು. ಪ್ಯಾಕಿಂಗ್ ಕೆಲಸಕ್ಕೆ ಹಾಕಿಸಿಕೊಂಡಳು. ಮಹಾಂತಮ್ಮ ಊರಿಗೆ ಹಿಂತಿರುಗಲಿಲ್ಲ. ಮಗಳನ್ನು ಮಣ್ಣು ಮಾಡಿದ ನೆಲ ಬಿಟ್ಟು ಎಲ್ಲಿಗೆ ಹೋಗಲಿ ಎಂದು ಅದೇ ಶೀಟಿನ ರೂಮಿನಲ್ಲಿ ಉಳಿದಳು. ದಿನಾ ಬೆಳಿಗ್ಗೆ ಇಬ್ಬರೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದರು. ರೊಟ್ಟಿ ಬಡಿದಾಗ ಎರಡು ಇತ್ತ ಬರುತ್ತಿದ್ದವು, ಮುದ್ದೆ ಸಾರು ಅತ್ತ ಹೋಗುತ್ತಿತ್ತು.

ಹೆಂಡತಿ ಹೊತ್ತಲ್ಲದ ಹೊತ್ತಿನಲ್ಲಿ ಬೆಚ್ಚುವುದನ್ನು ನೋಡಿ ನೋಡಿ ಶ್ಯಾಮಣ್ಣನೇ ಒಂದು ದಿನ ಹೇಳಿದ. "ಕಾಶಿಗೋಗಿ ಬಾರಮ್ಮಿ. ಕಾಶಿಗೋದೋರು ಇಷ್ಟವಾದ್ದು ಏನಾರ ಒಂದ್ನ ಅಲ್ಲೇ ಬಿಟ್ಟು ಬರ್ತಾರೆ. ನೀನು ನಿನ್ ಕಷ್ಟಾನೇ ಬಿಟ್ಟು ಬಾ." ಯಾತ್ರೆಯ ರೈಲಿಗೆ ಹೆಸರು ಬರೆಸಿದಳು. ಅದನ್ನು ಕೇಳಿದ ಮಹಾಂತಮ್ಮ "ನಾನೂ ಬರ್ತೀನಿ ಪಿಳ್ಳವ್ವ, ಅಲ್ಲಿ ನಮ್ಮ ಜಂಗಮವಾಡಿ ಮಠ ಐತಂತ, ಒಮ್ಮೆ ನೋಡಬೇಕು" ಎಂದುಬಿಟ್ಟಳು. ಬೇಡ ಎನ್ನುವುದು ಹೇಗೆ?

ಜನವರಿಯ ಒಂದು ಬೆಳಿಗ್ಗೆ ಅಸ್ಸಿ ಘಾಟಿನಲ್ಲಿ ಮಿಂದಾದ ಮೇಲೆ, ಯಾತ್ರೆಯವರನ್ನು ಕರೆತಂದಿದ್ದ ಅಂಬರೀಶ್ ಎಲ್ಲರನ್ನೂ ಗುಂಪು ಕೂಡಿಸಿದ. "ಇಲ್ಲಿಂದ ನಡ್ಕೊಂಡೇ ಹೋಗೋಣ ಅಮ್ಮಂದಿರೇ. ಕಷ್ಟದ ದಾರಿಯಲ್ಲ. ಎಡಗಡೆ ಊರು, ಬಲಗಡೆ ಗಂಗೆ, ನಿಧಾನಕ್ಕೆ ನಡೀತಾ ಇದ್ರೆ ಸಾಕು. ತಪ್ಪಿಸ್ಕೊಂಡ್ರೂ ಇದೇ ದಾರೀಲಿ ಮುಂದೆ ಬನ್ನಿ, ನಾನು ಸಿಗ್ತೀನಿ."

ಮಂಜು ದಟ್ಟವಾಗಿತ್ತು. ಆಚೆ ದಡ ಕಾಣುತ್ತಿರಲಿಲ್ಲ. ಕಟ್ಟಿದ ದೋಣಿಗಳು ಒಂದಕ್ಕೊಂದು ತಾಗಿ ಟೊಕ್ ಟೊಕ್ ಎನ್ನುತ್ತಿದ್ದವು. ಎಡಕ್ಕೆ ರಾಜರ ಕಾಲದ ಗೋಡೆಗಳು ಕೋಟೆಯಂತೆ ಎದ್ದು, ಅರ್ಧಕ್ಕೇ ಮಂಜಿನಲ್ಲಿ ಮುಗಿದುಹೋಗಿದ್ದವು. ಮಹಾಂತಮ್ಮನ ಮೊಣಕಾಲಿಗೆ ಬೇಗ ನಡೆಯಲಾಗದು. ಶಿವಾಲಾ ಘಾಟ್ ದಾಟುವಷ್ಟರಲ್ಲಿ ಗುಂಪು ಮುಂದೆ ಹೋಗಿ, ಇಬ್ಬರೇ ಉಳಿದರು.

ಅಲ್ಲಿ ಕೃಪಾ ನಿಂತಿದ್ದಳು.

ಮೇಲಿನ ಮೆಟ್ಟಿಲಲ್ಲಿ, ಒಣಹಾಕಿದ ಸೀರೆಗಳ ಪಕ್ಕದಲ್ಲಿ, ಅದೇ ನೀಲಿ ಕೋಟಿನಲ್ಲಿ. ಪಿಳ್ಳಮ್ಮ ಕಣ್ಣು ತಗ್ಗಿಸಿ ನಡೆದಳು. ಇನ್ನೂರು ಹೆಜ್ಜೆ ಹೋದರೆ ಮತ್ತೆ ಅವಳೇ, ಈ ಸಲ ಕಲ್ಲುಛತ್ರಿಯ ಕೆಳಗೆ. ಊರಿನಲ್ಲಿ ತಿಂಗಳಿಗೋ ಎರಡು ತಿಂಗಳಿಗೋ ಬರುತ್ತಿದ್ದವಳು ಇಲ್ಲಿ ಘಾಟಿಗೊಂದು ಸಲ ಎದುರಾದಳು. ಹರಿಶ್ಚಂದ್ರ ಘಾಟಿನಲ್ಲಿ ಮೂರು ಚಿತೆಗಳು ಉರಿಯುತ್ತಿದ್ದವು, ಹೊಗೆ ಮಂಜಿನೊಳಗೆ ಸೇರಿ ನೆಲದಲ್ಲೇ ಹರಡಿತ್ತು. ಆ ಹೊಗೆಯ ಆಚೆ ನಿಂತು ಕೃಪಾ ಕೈ ಒರೆಸಿಕೊಳ್ಳುತ್ತಿದ್ದಳು. ಪಿಳ್ಳಮ್ಮನ ಕಾಲು ನಿಂತೇ ಹೋಯಿತು.

"ನಮ್ಮೊಳಗ ಸುಡೂದಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡ ಮಹಾಂತಮ್ಮ, ಪಿಳ್ಳಮ್ಮನ ಮುಖವನ್ನೂ ಅವಳ ಕಣ್ಣು ನೆಟ್ಟ ಕಡೆಯನ್ನೂ ನೋಡಿದಳು. ಏನೂ ಕೇಳದೆ ಅವಳ ಮುಂಗೈ ಹಿಡಿದು ನಡೆಸಿಕೊಂಡು ಹೋದಳು. ಕೇದಾರ ಘಾಟಿನ ಕೆಂಪು ಬಿಳಿ ಪಟ್ಟಿಯ ಮೆಟ್ಟಿಲ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

"ಅಕಿ ಕಾಣತಾಳಲ್ಲ ನಿನಗ?"

ಪಿಳ್ಳಮ್ಮ "ಅಕ್ಕಾ, ಅದು ನನ್ ಮೆಷಿನ್ನು" ಎಂದಳು. ಎಂಟು ವರ್ಷದಿಂದ ಕಟ್ಟಿಕೊಂಡಿದ್ದ ಮಾತು ಇಷ್ಟೇ ಇಷ್ಟಾಗಿ ಹೊರಬಿತ್ತು. "ನಾನೇ ನಿಲ್ಲಿಸ್ದೆ ಅವಳ್ನ. ಸೆಕೆ ಅಂತ. ಅಲ್ಲಿ ನಾನಿರ್ಬೇಕಿತ್ತು."

"ಗೊತ್ತೈತಿ."

"ಏನಕ್ಕ?"

"ಲಾವಣ್ಯ ಇದ್ದಳಲ್ಲ, ನಿಮ್ಮ ಜೋಡಿ ಕೆಲಸ ಮಾಡೋ ಹುಡುಗಿ. ಮಣ್ಣು ಮಾಡಿದ ಮೂರನೇ ದಿನಕ್ಕ ಬಂದು ಅತ್ತುಕೋತ ಎಲ್ಲಾ ಹೇಳಿದ್ಲು."

"ಮತ್ಯಾಕೆ ಇಷ್ಟು ವರ್ಸ ಸುಮ್ಕಿದ್ರಿ? ನನ್ ಕೈಯಿಂದ ಅನ್ನ ಯಾಕುಂಡ್ರಿ?"

ಮಹಾಂತಮ್ಮ ಮೊಣಕಾಲು ತಿಕ್ಕಿಕೊಂಡಳು. "ಮೊದಲನೇ ವರ್ಷ ನಿನ್ನ ಮಾರಿ ನೋಡಿದ್ರ ಹೊಟ್ಟ್ಯಾಗ ಬೆಂಕಿ ಏಳತಿತ್ತು. ಊರಿಗೆ ಹೋಗಬೇಕಂತ ಗಂಟೂ ಕಟ್ಟಿದ್ದೆ. ಆವತ್ತ ನೀ ನಲ್ಲಿ ಮುಂದ ನಿಂತವಳು ಗೋಡಿ ಕಡೆ ನೋಡಿ ಕೊಡ ಕೈಬಿಟ್ಟಿ. ಅಕಿ ನಿನ್ನ ಹತ್ರ ಬರತಾಳ ಅಂತ ಆವಾಗ ತಿಳೀತು. ನನ್ನ ಹತ್ರ ಒಂದ್ ದಿನ ಬರಲಿಲ್ಲವಾ. ಕನಸಿನ್ಯಾಗೂ ಬರಲಿಲ್ಲ. ಹೆತ್ತಾಕಿ ನಾನು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀ ಇದ್ದ ಕಡೆ ಅಕಿ ಇರತಾಳ. ಅದಕ್ಕ ನಾನೂ ಉಳಿದೆ."

ದೋಣಿಯವನೊಬ್ಬ ಬಂದು ಕೈಸನ್ನೆ ಮಾಡಿ ಕರೆದ, ಪಿಳ್ಳಮ್ಮ ಬೇಡವೆಂದು ಕೈಯಾಡಿಸಿದಳು.

"ಈಗ ಎಲ್ಲದಾಳ?" ಎಂದು ಮಹಾಂತಮ್ಮ ಮೆಲ್ಲಗೆ ಕೇಳಿದಳು.

"ಅಗೋ, ಆ ಕೆಳ್ಗಿನ್ ಮೆಟ್ಲು. ನೀರತ್ರ."

"ಹೆಂಗದಾಳ? ಸೊರಗ್ಯಾಳೇನು?"

"ಇಲ್ಲಕ್ಕ. ಅಂಗೇ ಅವ್ಳೆ. ಇಪ್ಪತ್ನಾಕು ವರ್ಸದ ಹುಡ್ಗಿ ಅಂಗೇ."

ಮಹಾಂತಮ್ಮ ಎದ್ದು, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದಳು. ಪಿಳ್ಳಮ್ಮ ತೋರಿಸಿದ ಜಾಗದಲ್ಲಿ ಬಗ್ಗಿ, ಒದ್ದೆ ಕಲ್ಲಿನ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತಳು. ಅವಳ ಭುಜದ ಪಕ್ಕದಲ್ಲೇ ಕೃಪಾ ಇದ್ದಳು. ಆದರೆ ತಾಯಿಯ ಕಡೆ ತಿರುಗಲಿಲ್ಲ, ಪಿಳ್ಳಮ್ಮನನ್ನೇ ನೋಡುತ್ತಿದ್ದಳು. ಪಿಳ್ಳಮ್ಮ ಮೊದಲ ಸಲ ತಲೆ ತಗ್ಗಿಸದೆ ಅವಳನ್ನು ನೋಡಿದಳು. "ಸಾಕು ಕಣವ್ವ. ನಾನ್ ನಿಂತ್ಕೋತೀನಿ, ನೀನೋಗು" ಎಂದಳು.

ಮಂಜು ಒಮ್ಮೆ ದಟ್ಟವಾಗಿ ಬಂದು ಸರಿಯಿತು. ಮೆಟ್ಟಿಲ ಮೇಲೆ ಮಹಾಂತಮ್ಮ ಒಬ್ಬಳೇ ಇದ್ದಳು.

ಅಲ್ಲಿಂದ ದಶಾಶ್ವಮೇಧದವರೆಗೆ ಕೃಪಾ ಎಲ್ಲೂ ಕಾಣಲಿಲ್ಲ. ಜಂಗಮವಾಡಿ ಮಠದ ಅಂಗಳದಲ್ಲಿ ಸಾವಿರಾರು ಪುಟ್ಟ ಲಿಂಗಗಳು ಸಾಲುಸಾಲಾಗಿ ಕೂತಿದ್ದವು. ಸತ್ತವರ ಹೆಸರಿನಲ್ಲಿ ಮನೆಯವರು ಇರಿಸಿದ್ದು ಎಂದು ಅಂಬರೀಶ್ ಹೇಳಿದ. ಮಹಾಂತಮ್ಮ ಅವುಗಳ ನಡುವೆ ಓಡಾಡಿ ಬಂದು, "ನೀ ಏನರ ಬಿಟ್ಟಿ ಏನವಾ ಇಲ್ಲೆ?" ಎಂದು ಕೇಳಿದಳು.

"ಬದ್ನೇಕಾಯಿ ಬಿಟ್ಟೆ" ಎಂದಳು ಪಿಳ್ಳಮ್ಮ.

"ಅಷ್ಟ ಬಿಡು. ಅಕಿನ್ನ ಮಾತ್ರ ಬಿಟ್ಟು ಬರಬ್ಯಾಡ."

ಊರಿಗೆ ಬಂದು ವಾರವಾಯಿತು, ತಿಂಗಳಾಯಿತು. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸುಗಳಿದ್ದವು, ಜನರಿದ್ದರು, ಕೃಪಾ ಇರಲಿಲ್ಲ. ಪಿಳ್ಳಮ್ಮನಿಗೆ ನಿದ್ದೆ ಹತ್ತಿತು, ಊಟ ರುಚಿಸಿತು. ಶ್ಯಾಮಣ್ಣ ಹೋದಲ್ಲೆಲ್ಲ ಕಾಶಿಯ ಮಹಿಮೆ ಹೇಳಿಕೊಂಡು ತಿರುಗಿದ. ಆದರೆ ಮಹಾಂತಮ್ಮ ಈಗ ಮುಚ್ಚುಮರೆಯಿಲ್ಲದೆ ನಲ್ಲಿಯ ಹತ್ತಿರ 'ಬಂದಿದ್ಲೇನು?' ಎಂದು ದಿನಾ ಕೇಳುತ್ತಾಳೆ. ಮೊದಲ ಸಲ ಪಿಳ್ಳಮ್ಮ 'ಇಲ್ಲ' ಎಂದಾಗ ಆ ಮುದುಕಿ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೇ ದಿನ ಪಿಳ್ಳಮ್ಮ ಸುಳ್ಳು ಹೇಳಿದಳು.

ಈಗ ಅವಳು ದಿನದ ಕೆಲಸ ಮುಗಿಸಿ ಬರುವಾಗ ಎರಡು ಸ್ಟಾಪ್ ಮೊದಲೇ ಇಳಿದು ನಡೆಯುತ್ತಾಳೆ. ನೀಲಿ ಕೋಟು ಕಂಡರೆ ರಸ್ತೆ ದಾಟಿ ಹೋಗಿ ಮುಖ ನೋಡುತ್ತಾಳೆ. ಪ್ಲಾಟ್‌ಫಾರಂನ ತುದಿಯ ಕಲ್ಲುಬೆಂಚಿನ ಮೇಲೆ ಎರಡು ರೈಲು ಹೋಗುವ ತನಕ ಕಾಯುತ್ತಾಳೆ. ಆಮೇಲೆ ಎದ್ದು ಮನೆಗೆ ಬರುತ್ತಾಳೆ.

"ನಿನ್ನೆ ಬಂದಿದ್ಲೇನ ಪಿಳ್ಳವ್ವ?"

"ಬಂದಿದ್ಲಕ್ಕ. ಸ್ಟೇಷನ್ನಲ್ಲಿ ಮೆಟ್ಲತ್ತಿ ಓಗ್ತಿದ್ಲು."

ಮಹಾಂತಮ್ಮ ತುಂಬಿದ ಕೊಡವನ್ನು ಕೆಳಗಿಟ್ಟಳು. "ಕಾಲಾಗ ಚಪ್ಪಲಿ ಇದ್ವ?"

"ಊಂ ಅಕ್ಕ" ಎಂದಳು ಪಿಳ್ಳಮ್ಮ, "ಇದ್ವು."