ಕೇರೆ ಹಾವೂ ಜೀವಶಾಸ್ತ್ರದ ಮೇಷ್ಟ್ರೂ

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತಾರು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿರುವ ನನಗೆ ಜೀವಂತ ಪ್ರಾಣಿಗಳೆಂದರೆ ಸ್ವಲ್ಪ ಸಂಕೋಚ. ಬೋರ್ಡಿನ ಮೇಲೆ ಬರೆದ ಕಪ್ಪೆ ನನಗೆ ಆಪ್ತ; ಬಚ್ಚಲಿಗೆ ಬಂದ ಕಪ್ಪೆಗೆ ನಾನೇ ದಾರಿ ಬಿಟ್ಟುಕೊಡುತ್ತೇನೆ.

ಕ್ಯಾತ್ಸಂದ್ರದಲ್ಲಿ ಮನೆ ಕಟ್ಟಿಸಿದಾಗ ಹಿತ್ತಲಲ್ಲಿ ಒಂದಿಷ್ಟು ಜಾಗ ಉಳಿಯಿತು. ಸೀಬೆ, ಕರಿಬೇವು, ನಾಲ್ಕು ಸಾಲು ಟೊಮೇಟೊ ಹಾಕಿದೆ. ಹಾಕಿದ್ದು ನಾನು, ಅನುಭವಿಸಿದವರು ಬೇರೆ. ಸೀಬೆ ಹಣ್ಣಾಯಿತೆಂದು ಅಳಿಲಿಗೆ ಇವತ್ತು ಗೊತ್ತಾದರೆ ನನಗೆ ನಾಳೆ ಗೊತ್ತಾಗುತ್ತದೆ. ಕರಿಬೇವಿನ ಗಿಡದಲ್ಲಿ ಪಿಕಳಾರ ಜೋಡಿಯೊಂದು ಗೂಡು ಕಟ್ಟಿತು. ಮರಿಗಳು ಹಾರುವ ತನಕ ನಮ್ಮ ಸಾರಿಗೆ ಬರೀ ಸಾಸಿವೆ ಒಗ್ಗರಣೆ. ಗುಡ್ಡದ ಕಡೆಯಿಂದ ಬರುವ ನವಿಲು ಕಾಂಪೌಂಡಿನ ಮೇಲೆ ಕೂತು, ತೋಟವನ್ನೆಲ್ಲ ತನಿಖೆಗೆ ಬಂದ ಅಧಿಕಾರಿಯಂತೆ ನೋಡಿ, ಆಮೇಲೆ ನಿಧಾನವಾಗಿ ಇಳಿದು ಟೊಮೇಟೊ ಕುಕ್ಕುತ್ತಿತ್ತು. ಮೊದಲ ವಾರ ಅದರ ಫೋಟೊ ತೆಗೆದೆ. ಎರಡನೆಯ ವಾರ ತುಮಕೂರಿನ ಪೇಟೆಗೆ ಹೋಗಿ ನೈಲಾನ್ ಬಲೆ ತಂದು ಟೊಮೇಟೊ ಸಾಲಿನ ಸುತ್ತ ಬಿಗಿದೆ.

ಆಗ ನಮ್ಮತ್ತೆ ಮಂಡಿನೋವಿನ ಚಿಕಿತ್ಸೆಗೆಂದು ಚೇಳೂರಿನಿಂದ ಬಂದು ನಮ್ಮಲ್ಲಿದ್ದರು. ಹೆಂಡತಿ ಯಾವುದೋ ಮದುವೆಗೆಂದು ಗುಬ್ಬಿಗೆ ಹೋಗಿದ್ದ ಒಂದು ಭಾನುವಾರ ಬೆಳಿಗ್ಗೆ, ಹೂ ಬಿಡಿಸಲು ಹಿತ್ತಲಿಗೆ ಹೋದ ಅತ್ತೆ ಅಲ್ಲಿಂದಲೇ ಕರೆದರು.

"ಅಳಿಯಂದ್ರೆ, ಬನ್ನಿ ಇಲ್ಲಿ. ನಿಮ್ ಬಲೇಲಿ ಏನೋ ಬಿದ್ದದೆ."

ಹೋಗಿ ನೋಡಿದೆ. ನನ್ನಷ್ಟೇ ಉದ್ದದ ಹಾವು. ಬಲೆಯ ಕಣ್ಣುಗಳಲ್ಲಿ ತೂರಿ, ಒದ್ದಾಡಿ, ಒದ್ದಾಡಿದಷ್ಟೂ ಬಿಗಿಸಿಕೊಂಡು ಸುಸ್ತಾಗಿ ಬಿದ್ದಿತ್ತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನಾನು ಕಿರುಚಿದೆನಂತೆ. ಕಣ್ಣು ಬಿಟ್ಟಾಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತಿದ್ದೆ.

ಕಿರುಚಾಟ ಕೇಳಿ ಪಕ್ಕದ ಮನೆಯ ಶಿವಣ್ಣ ದೊಣ್ಣೆ ಹಿಡಿದು ಓಡಿಬಂದ. ಒಳ್ಳೆಯ ಮನುಷ್ಯ, ಯಾರ ಕಷ್ಟಕ್ಕೂ ಮೊದಲು ಬರುವವನು.

"ನಾಗರಹಾವು ಕಣ್ ಸಾರ್! ಅಮ್ಮಾ, ನೀವ್ ದೂರ ಹೋಗಿ. ಒಂದೇ ಏಟಿಗೆ ಮುಗಿಸ್ತೀನಿ."

ದೊಣ್ಣೆ ಮೇಲೆದ್ದಿತು. ಆ ಕ್ಷಣದಲ್ಲಿ ನನ್ನೊಳಗಿನ ಮೇಷ್ಟ್ರು ಎಚ್ಚರವಾದರು. "ಶಿವಣ್ಣಾ, ಹೊಡೀಬೇಡ! ಅದು ಕೇರೆ ಹಾವು. ಕಣ್ಣು ನೋಡು ಎಷ್ಟು ದೊಡ್ಡದು. ತುಟಿ ಮೇಲೆ ಕಪ್ಪು ಗೆರೆ ಇದೆ. ಹೆಡೆ ಇಲ್ಲ, ವಿಷಾನೂ ಇಲ್ಲ!"

ಶಿವಣ್ಣ ದೊಣ್ಣೆಯನ್ನು ಅಲ್ಲೇ ತಡೆದು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

"ವಿಷ ಇಲ್ದಿದ್ರೆ ನೀವ್ಯಾಕ್ ಸಾರ್ ಕಲ್ ಮೇಲಿದೀರ?"

ಇಪ್ಪತ್ತಾರು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ. ನಾನು ವಿವರಿಸಲು ಹೊರಟೆ. ಕೇರೆ ನಾಗರದ ಜೊತೆ ಕೂಡುತ್ತದೆ ಅನ್ನುವುದು ಸುಳ್ಳು, ಅದು ಬಾಲದಲ್ಲಿ ಹೊಡೆದರೆ ಕೈಕಾಲು ಬತ್ತುತ್ತದೆ ಅನ್ನುವುದೂ ಸುಳ್ಳು...

"ಪಾಠ ಆಮೇಲ್ ಮಾಡೀರಂತೆ," ಅಂದರು ಅತ್ತೆ. "ಅದ್ರ ಉಸಿರು ಹೋಯ್ತಾ ಅದೆ. ಕತ್ತರಿ ತನ್ನಿ."

ಕಲ್ಲಿನಿಂದ ಇಳಿದೆ. ನಿಮಗೆ ಅದು ಬರೀ ಒಂದಡಿ ಎತ್ತರ ಅನಿಸಬಹುದು; ನನಗೆ ಹಾಗನಿಸಲಿಲ್ಲ. ಹೊಲಿಗೆ ಡಬ್ಬದ ಪುಟ್ಟ ಕತ್ತರಿ ತಂದೆ. ಅತ್ತೆ ಒದ್ದೆ ಟವೆಲನ್ನು ಹಾವಿನ ತಲೆಯ ಮೇಲೆ ಹಾಕಿ ಮೆಲ್ಲಗೆ ಒತ್ತಿ ಹಿಡಿದರು. ಮಂಡಿ ಬಗ್ಗದ ಆ ಹೆಂಗಸು ಒಂದು ಕಾಲು ಚಾಚಿ ಮಣ್ಣಲ್ಲೇ ಕೂತರು.

"ಶಿವಣ್ಣ, ದೊಣ್ಣೆ ಬಿಸಾಕಿ ಬಲೆ ಬಿಗಿಯಾಗ್ ಹಿಡ್ಕಳಪ್ಪ. ಅಳಿಯಂದ್ರೆ, ನೀವು ಬಾಲ."

ಹಿಡಿದೆ. ತಣ್ಣಗೆ, ಜಿಡ್ಡಾಗಿ ಇರುತ್ತದೆ ಅಂದುಕೊಂಡಿದ್ದೆ. ಒಣಗಿತ್ತು, ನಯವಾಗಿತ್ತು, ಬೆಳಗಿನ ಬಿಸಿಲಿಗೆ ಸ್ವಲ್ಪ ಬೆಚ್ಚಗೂ ಇತ್ತು. ಒಳಗೆ ಏನೋ ನಡುಗುತ್ತಿತ್ತು. ಅತ್ತೆ ಒಂದೊಂದೇ ಎಳೆ ಕತ್ತರಿಸುತ್ತ ಮಾತಾಡಿಸುತ್ತಿದ್ದರು: "ಸುಮ್ಕಿರು ಕಣವ್ವ. ಇನ್ನೇನ್ ಆಯ್ತು. ಇನ್ನೊಂದೇ ಒಂದು."

ಕುತ್ತಿಗೆಯ ಹತ್ತಿರದ ಎಳೆ ಹುರುಪೆಗಳೊಳಗೆ ಹೂತುಹೋಗಿತ್ತು. ಅದು ಕಳಚಿದ ಮೇಲೆ ಅತ್ತೆ ಟವೆಲ್ ತೆಗೆದರು. ಹಾವು ಅಲ್ಲಾಡಲಿಲ್ಲ. ನಾನು ತಂದ ಬಲೆ, ನಾನೇ ಬಿಗಿದ ಗಂಟು. ಹತ್ತು ಟೊಮೇಟೊಗಾಗಿ ಇಷ್ಟು ದೊಡ್ಡ ಜೀವವನ್ನು ಕೊಂದೆನಲ್ಲ ಅಂದುಕೊಳ್ಳುವಷ್ಟರಲ್ಲಿ ನಾಲಿಗೆ ಚಿಳಕ್ಕೆಂದು ಹೊರಬಂತು. ಮತ್ತೊಂದು ಸಲ ಬಂತು. ಆಮೇಲೆ ಆ ಹಾವು ನಮ್ಮ ಮಧ್ಯದಿಂದಲೇ, ಯಾವ ಗಡಿಬಿಡಿಯೂ ಇಲ್ಲದೆ, ಕಾಂಪೌಂಡಿನ ಬಿರುಕಿನತ್ತ ಹರಿದು ಹೋಯಿತು.

"ಹೋಯ್ತು ಸಾರ್! ಹೋಯ್ತು!" ಎಂದು ಶಿವಣ್ಣ ಚಪ್ಪಾಳೆ ತಟ್ಟಿದ. ಅತ್ತೆ ನಗುತ್ತಾ ಕೈ ಚಾಚಿದರು. ಹಾವನ್ನು ಬಿಡಿಸಿದ್ದಕ್ಕಿಂತ ಅತ್ತೆಯನ್ನು ನೆಲದಿಂದ ಎಬ್ಬಿಸುವುದೇ ನಮಗಿಬ್ಬರಿಗೆ ಕಷ್ಟವಾಯಿತು.

ಅವತ್ತೇ ಬಲೆ ಬಿಚ್ಚಿದೆ. ಮರುದಿನ ನವಿಲು ಬಂದು, ನಡುವೆ ಏನೂ ಆಗಿಯೇ ಇಲ್ಲವೆಂಬಂತೆ ತಿಂಡಿ ಮುಂದುವರಿಸಿತು. ಅದು ಬಿಟ್ಟ ಟೊಮೇಟೊಗಳು ಸಾರಿಗೆ ಸಾಕಾದವು. ಸಾಲದ ದಿನ ಹುಣಿಸೆಹಣ್ಣು ಇದ್ದೇ ಇದೆ.

ಎರಡು ವಾರದ ನಂತರ ಕಾಲೇಜಿನಲ್ಲಿದ್ದಾಗ ಶಿವಣ್ಣನ ಫೋನ್ ಬಂತು.

"ಸಾರ್, ನಿಮ್ಮನೆ ಹಾವು ನಮ್ಮನೆ ಸೌದೆ ಒಟ್ಲಲ್ಲಿ ಸೇರ್ಕೊಂಡದೆ."

"ಹೊಡೀಬೇಡ ಶಿವಣ್ಣ, ಈಗ್ಲೇ ಬರ್ತೀನಿ. ಯಾರಾದ್ರೂ ಹಿಡಿಯೋರನ್ನ ಕರೆಸೋಣ."

"ಅಯ್ಯೋ, ಬರಬೇಡಿ ಸಾರ್," ಅಂದ ಶಿವಣ್ಣ. "ಹೆಗ್ಗಣದ ಕಾಟ ಹೇಳತೀರದಾಗಿತ್ತು, ಈಗ ಒಂದೂ ಕಾಣಾಕಿಲ್ಲ. ಇನ್ನೊಂದ್ ನಾಕ್ ದಿನ ಇಲ್ಲೇ ಇರ್ಲಿ ಅಂತ ಕೇಳಾಕೆ ಫೋನ್ ಮಾಡ್ದೆ."